ಟ್ರಿಫಿ ಅತ್ತಿಗೆಯ ಬಿಳಿ ಬಯಲು

ನನ್ನ ಅತ್ತಿಗೆ ಟ್ರಿಫಿಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳು ಎಂದು ಯಾರಾದರೂ ಕೇಳಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಯಾರೂ ಕೇಳಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ನಮ್ಮೂರು ಪಿಗಿನ್ ಕೋವಿನಲ್ಲಿ ಅವಳ ಜೊತೆ ಜಗಳವಾಡದವರು ಇಲ್ಲ. ನಾನಂತೂ ಅವಳು ನನ್ನ ಅಣ್ಣ ಆಂಬ್ರೋಸನ ಕೈಹಿಡಿದು ನಮ್ಮ ಮನೆಗೆ ಬಂದ ದಿನದಿಂದ ಆಡುತ್ತಿದ್ದೇನೆ. ಮದುವೆಯ ಮರುದಿನವೇ ನಮ್ಮಮ್ಮನ ಒಲೆಯ ಮೇಲೆ ಎಡಗಡೆ ಇದ್ದ ಟೀ ಕೆಟಲನ್ನು ಎತ್ತಿ ಬಲಗಡೆ ಇಟ್ಟಳು. ಅಮ್ಮ ಎಡಕ್ಕೆ ಇಟ್ಟರೆ ಇವಳು ಬಲಕ್ಕೆ. ಒಂದು ಚಳಿಗಾಲ ಪೂರ್ತಿ ಆ ಕೆಟಲು ಒಲೆಯ ಮೇಲೆ ಅತ್ತಿಂದಿತ್ತ ಓಡಾಡಿತು. ಕೊನೆಗೆ ಸೋತವಳು ಅಮ್ಮ. ನಮ್ಮಮ್ಮ ಬದುಕಿನಲ್ಲಿ ಸೋತದ್ದು ಅದೊಂದೇ ಸಲ.

ಟ್ರಿಫಿ ಹುಟ್ಟಿದ್ದು ನಮ್ಮ ಎದುರಿನ ದ್ವೀಪದಲ್ಲಿ. ಅವಳು ಚಿಕ್ಕವಳಾಗಿದ್ದಾಗ ಸರ್ಕಾರದವರು, ಅಷ್ಟು ದೂರಕ್ಕೆ ಶಾಲೆ ಡಾಕ್ಟರು ಎಲ್ಲ ಕಳಿಸಲು ಆಗುವುದಿಲ್ಲ, ಗಂಟುಮೂಟೆ ಕಟ್ಟಿಕೊಂಡು ಈ ದಡಕ್ಕೆ ಬನ್ನಿ ಎಂದರು. ಜನ ಗಂಟುಮೂಟೆಯ ಜೊತೆ ತಮ್ಮ ಮರದ ಮನೆಗಳನ್ನೇ ತಂದರು. ದಿಮ್ಮಿಗಳ ಮೇಲೆ ಮನೆಯನ್ನು ಜಾರಿಸಿ ನೀರಿಗಿಳಿಸುವುದು, ಸುತ್ತ ಖಾಲಿ ಪೀಪಾಯಿ ಕಟ್ಟಿ ತೇಲಿಸುವುದು, ಮುಂದಿನಿಂದ ದೋಣಿಗಳು ಎಳೆಯುವುದು. ಟ್ರಿಫಿಯ ಮನೆಯೂ ಹಾಗೇ ಬಂತು. ಮನೆಯವರೆಲ್ಲ ದೋಣಿಯಲ್ಲಿದ್ದರು. ಅವಳೊಬ್ಬಳು ಯಾರ ಮಾತೂ ಕೇಳದೆ ಮನೆಯೊಳಗೇ ಉಳಿದಿದ್ದಳು. ಮಹಡಿಯ ಕಿಟಕಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದವಳು, ದಡದಲ್ಲಿ ನೋಡುತ್ತ ನಿಂತಿದ್ದ ನಮ್ಮ ಮಕ್ಕಳ ಗುಂಪಿಗೆ ನಾಲಿಗೆ ಚಾಚಿದಳು. ನಾನು ಅವಳನ್ನು ಮೊದಲು ಕಂಡದ್ದು ಹಾಗೆ. ಆಮೇಲೂ ಹೆಚ್ಚೇನೂ ಬದಲಾಗಲಿಲ್ಲ.

ಬೆಳೆದ ಮೇಲೆ ನಮ್ಮೆಲ್ಲರ ಹಾಗೆ ಮೀನಿನ ಕಾರ್ಖಾನೆಗೆ ಸೇರಿದಳು. ಕಾಡ್ ಮೀನು ಸೀಳುವುದರಲ್ಲಿ ಅವಳ ಕೈ ಏನೂ ವಿಶೇಷವಾಗಿರಲಿಲ್ಲ, ನನ್ನದೇ ಚುರುಕು. ಸಮುದ್ರದಲ್ಲಿ ಮೀನು ಮುಗಿಯಿತು, ಹಿಡಿಯುವ ಹಾಗಿಲ್ಲ ಎಂದು ಕಾನೂನು ಬಂದಾಗ ಕಾರ್ಖಾನೆ ಮುಚ್ಚಿತು. ಗಂಡಸರು ಕೆಲಸ ಹುಡುಕಿಕೊಂಡು ದೇಶದ ಆ ತುದಿಗೆ ಹೋದರು. ನನ್ನ ಗಂಡ ಎಲಿ ಆಲ್ಬರ್ಟಾದ ಎಣ್ಣೆ ಗಣಿಗೆ ಹೋದ. ವರ್ಷದಲ್ಲಿ ಎರಡು ಸಲ ಬಂದು ಹೋಗುವ ಗಂಡ ಎಂದರೆ ನೆಂಟನ ಲೆಕ್ಕವೇ. ಬಂದಾಗ ಒಳ್ಳೆಯ ತಟ್ಟೆ ತೆಗೆಯಬೇಕು. ನನ್ನ ಅಣ್ಣ ಆಂಬ್ರೋಸ್ ಆ ಹೊತ್ತಿಗೆ ತೀರಿಹೋಗಿದ್ದ. ಟ್ರಿಫಿ ನಮ್ಮೂರ ವಸತಿಗೃಹದಲ್ಲಿ ಅಡಿಗೆಗೆ ಸೇರಿದಳು.

ಅಲ್ಲಿಗೆ ಬಂದವರು ಓಕ್ ಮೇಡಂ. ಸರ್ಕಾರದ ಪರವಾಗಿ ಸೇಂಟ್ ಜಾನ್ಸ್ ಪಟ್ಟಣದಿಂದ ಬೇಸಿಗೆ ಬೇಸಿಗೆಗೆ ಬಂದು ನಮ್ಮ ಕರಾವಳಿಯ ಗಿಡ ಹುಡುಕುವ ಹೆಂಗಸು. ಊಟಕ್ಕೆ ಕೂತಾಗ ಮೊಣಕಾಲಿನ ತುಂಬ ಸುಣ್ಣಕಲ್ಲಿನ ಬಿಳಿ ಪುಡಿ. ಟ್ರಿಫಿ ಕೇಳಿದಳು, "ಮೇಡಂ, ದಿನಾ ಮಂಡಿ ಊರಿ ಏನು ಪ್ರಾರ್ಥನೆ ಮಾಡ್ತೀರಿ?" ಓಕ್ ಮೇಡಂ ನಕ್ಕು, ಬಾ ತೋರಿಸ್ತೀನಿ ಎಂದು ಕರೆದುಕೊಂಡು ಹೋದರು. ಅಷ್ಟೇ, ಅಲ್ಲಿಂದ ಇವಳ ತಲೆ ಕೆಟ್ಟಿತು.

ಅವರು ಹುಡುಕುತ್ತಿದ್ದುದು ಬ್ರೇಯಾ ಎಂಬ ಗಿಡ. ಗಿಡ ಎನ್ನಲೂ ನಾಚಿಕೆಯಾಗಬೇಕು, ಅಷ್ಟು ಸಣ್ಣದು. ನೆಲಕ್ಕೆ ಅಂಟಿದ ಸಣ್ಣ ಎಲೆಗಳ ಒಂದು ಮುದ್ದೆ, ಮಧ್ಯದಿಂದ ಕಡ್ಡಿಯ ಹಾಗೆ ಒಂದು ದಂಟು, ತುದಿಯಲ್ಲಿ ನಾಲ್ಕೇ ಎಸಳಿನ ಬಿಳಿ ಹೂವು. ಅದರಲ್ಲಿ ಒಂದು ಜಾತಿ ನಮ್ಮ ಈ ತೀರ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲವಂತೆ. ಅದು ಬೆಳೆಯುವ ನೆಲವನ್ನು ಯಾರೂ ಅಗೆಯುವಂತಿಲ್ಲ ಎಂದು ಕಾನೂನೇ ಇದೆಯಂತೆ. ಒಳ್ಳೆಯ ಮಣ್ಣಿನಲ್ಲಿ ಅದು ಬಾಳುವುದಿಲ್ಲ. ಅದಕ್ಕೆ ಬರಿಯ ಸುಣ್ಣಕಲ್ಲಿನ ಜಲ್ಲಿ ಬೇಕು, ಮೇಲೆ ಸಮುದ್ರದ ಗಾಳಿ ಬೇಕು, ಚಳಿಗೆ ನೆಲ ಉಬ್ಬಿ, ಬಿಸಿಲಿಗೆ ಕುಸಿದು, ಕಲ್ಲುಗಳು ತಾವಾಗಿ ಜರುಗಾಡಬೇಕು. ಬೇರೆ ಹುಲ್ಲು ಕಡ್ಡಿ ಬೇರು ಬಿಡಲಾರದ ಜಾಗದಲ್ಲಿ ಮಾತ್ರ ಇದು ಬೇರು ಬಿಡುತ್ತದೆ. ಟ್ರಿಫಿಗೆ ಇದು ಯಾಕೆ ಹಿಡಿಸಿತು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಗುರುತು ಹಿಡಿಯುವುದು ಸುಲಭವಲ್ಲ. ಅದೇ ಬಿಳಿ, ಅದೇ ನಾಲ್ಕು ಎಸಳಿನ ದಾಯಾದಿಗಳು ಸುತ್ತಮುತ್ತ ಬೇಕಾದಷ್ಟಿವೆ. ಟ್ರಿಫಿ ಒಂದು ಬೇಸಿಗೆ ಚರ್ಚಿನ ಹಿಂದೆ ಸಿಕ್ಕಿತು ಎಂದು ಫೋನು ಮಾಡಿದಳು. ಓಕ್ ಮೇಡಂ ಇಡೀ ದಿನ ಕಾರು ಓಡಿಸಿಕೊಂಡು ಬಂದು, ಭೂತಗನ್ನಡಿಯಲ್ಲಿ ನೋಡಿ, ಇದಲ್ಲ ಎಂದರು. ಮರುವರ್ಷ ಸ್ಮಶಾನದ ಬೇಲಿಯ ಬಳಿ ಸಿಕ್ಕಿತು. ಅದೂ ಅಲ್ಲ. ಊರಿನಲ್ಲಿ ಯಾವ ಕಳೆ ಕಂಡರೂ "ಟ್ರಿಫಿಯ ಹೂವು" ಎನ್ನುವುದು ರೂಢಿಯಾಯಿತು. ನನ್ನ ಆಲೂಗಡ್ಡೆ ಪಾತಿಯಲ್ಲಿ ಕಳೆ ಎದ್ದಾಗ ನಾನೇ ಬೇಲಿಯ ಮೇಲಿಂದ ಕೂಗಿದ್ದೆ, "ಅತ್ತಿಗೆ, ಮೇಡಂಗೆ ಫೋನ್ ಮಾಡು, ಇಲ್ಲಿ ಒಂದು ಬುಟ್ಟಿ ಇದೆ."

ಅವಳಿಗೆ ಯಾವ ನಾಚಿಕೆಯೂ ಇಲ್ಲ. ಸಂಜೆ ನಮ್ಮ ಅಡಿಗೆಮನೆಗೆ ಬಂದು ಕೂತು, ಎಲೆ ದಪ್ಪಗಿರಬೇಕು, ಚಮಚದ ಹಾಗೆ ತುದಿ ದುಂಡಗಿರಬೇಕು, ದಂಟಿನ ಬುಡ ಸ್ವಲ್ಪ ನೇರಳೆ, ಕಾಯಿ ಚಪ್ಪಟೆಯಾದರೆ ಅದು ದಾಯಾದಿ, ಉದ್ದಕ್ಕೆ ಉರುಟಾಗಿದ್ದರೆ ಬ್ರೇಯಾ, ಆ ಕಾಯಿಯ ಮೇಲೆ ಸಣ್ಣ ಕೂದಲಿನಂಥ ನವಿರು ಇದ್ದರೆ ನಮ್ಮ ಅಪರೂಪದ್ದು ಎಂದು ಶುರು ಮಾಡಿದರೆ ಟೀ ತಣ್ಣಗಾಗುವವರೆಗೆ ನಿಲ್ಲಿಸುತ್ತಿರಲಿಲ್ಲ. ನಾನು ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆಯುತ್ತಿದ್ದೆ.

ಹೀಗಿರುವಾಗ ಕಂಟ್ರಾಕ್ಟರ್ ಹಾಲೆಟ್ ಬಂದ. ದೋಣಿಕಟ್ಟೆಯವರೆಗೆ ಹೊಸ ರಸ್ತೆ, ಅದಕ್ಕೆ ಜಲ್ಲಿ ಬೇಕು, ಜಲ್ಲಿ ತೆಗೆಯುವುದು ಊರ ಹಿಂದಿನ ಸುಣ್ಣಕಲ್ಲಿನ ಬಿಳಿ ಬಯಲಿನಿಂದ ಎಂದು ತೀರ್ಮಾನವಾಗಿತ್ತು. ಪರವಾನಗಿ ಕಾಗದ ಅವನ ಜೇಬಿನಲ್ಲಿತ್ತು. ಜಲ್ಲಿ ಬಾಚುವ ಲೋಡರ್ ಓಡಿಸಲು ಅವನು ಕೆಲಸಕ್ಕೆ ತೆಗೆದುಕೊಂಡದ್ದು ನನ್ನ ಎಲಿಯನ್ನು. ಎಷ್ಟೋ ವರ್ಷದ ಮೇಲೆ ನನ್ನ ಗಂಡ ಒಂದು ಇಡೀ ಬೇಸಿಗೆ ಮನೆಯಲ್ಲಿ ಮಲಗುವವನಿದ್ದ. ನನಗೆ ರಸ್ತೆಯೂ ಬೇಕಿತ್ತು, ಗಂಡನೂ ಬೇಕಿತ್ತು. ಬಿಳಿ ಬಯಲು ಹಾಳಾಗಿ ಹೋಗಲಿ ಎಂದುಕೊಂಡೆ.

ಸುದ್ದಿ ತಿಳಿದ ದಿನವೇ ಟ್ರಿಫಿ ಬಾಗಿಲಲ್ಲಿ ನಿಂತಿದ್ದಳು.

"ಏನೇ ಸೆಲೀನಾ, ನಿನ್ನ ಗಂಡ ಆ ಬಯಲಿಗೆ ಲೋಡರ್ ಇಳಿಸ್ತಾನಂತೆ?"

"ಇಳಿಸ್ತಾನೆ. ನಿಂಗೇನು ಕಷ್ಟ?"

"ಅಲ್ಲಿ ಹೂವಿದೆ."

"ಎಲ್ಲಿಲ್ಲ ನಿನ್ನ ಹೂವು? ಚರ್ಚಿನ ಹಿಂದೆ ಇತ್ತು, ಸ್ಮಶಾನದಲ್ಲಿತ್ತು. ಮೇಡಂ ಬಂದು ನಕ್ಕು ಹೋದ್ರು."

"ನಗಲಿಲ್ಲ. ಟೀ ಕುಡಿದು ಹೋದ್ರು. ಈ ಸಲ ಅದೇ ಕಣೆ. ದಂಟಿನ ಬುಡ ನೇರಳೆ ಇದೆ. ಎಲೆ ಸರಿಯಾಗಿದೆ. ಕಾಯಿ ಒಂದು ಆಗ್ಬೇಕು."

"ಆಗ್ಲಿ. ನಿನ್ನ ಕಾಯಿಗೋಸ್ಕರ ನನ್ನ ಗಂಡ ಮತ್ತೆ ಆಲ್ಬರ್ಟಾಗೆ ಹೋಗ್ಬೇಕಾ?"

ಎಲಿ ಒಳಗೆ ಕೂತು ಬ್ರೆಡ್ಡಿಗೆ ಕಾಕಂಬಿ ಸವರಿಕೊಳ್ಳುತ್ತಿದ್ದ. ಟ್ರಿಫಿ ಅವನ ಕಡೆ ನೋಡಿ, "ಎಲಿ, ನಿನ್ನ ಮೇಲೆ ನಂಗೇನೂ ಸಿಟ್ಟಿಲ್ಲಪ್ಪ. ಆದ್ರೆ ನಿನ್ನ ಲೋಡರ್ ಒಳಗೆ ಬಿಡಲ್ಲ" ಎಂದಳು. ಎಲಿ ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡೇ ತಲೆಯಾಡಿಸಿದ. ಅವನು ಎಲ್ಲದಕ್ಕೂ ತಲೆಯಾಡಿಸುತ್ತಾನೆ.

ಓಕ್ ಮೇಡಂ ಫೋನಿನಲ್ಲಿ ಹೇಳಿದ್ದನ್ನು ಟ್ರಿಫಿ ಮುಚ್ಚಿಡಲಿಲ್ಲ. "ನೀವು ಹೇಳೋದು ಕೇಳಿದ್ರೆ ಈ ಸಲ ಅದೇ ಇರಬಹುದು. ಆದ್ರೆ ಹೂವು ನೋಡಿ ನಾನು ಸಹಿ ಹಾಕೋಕಾಗಲ್ಲ, ಟ್ರಿಫಿ. ಕಾಯಿ ಕಟ್ಟಲಿ. ಕಾಯಿ ಮೇಲೆ ನವಿರು ಕಂಡ್ರೆ ಅವತ್ತೇ ಕೆಲಸ ನಿಲ್ಲಿಸ್ತೀನಿ. ಕಿತ್ತು ಕಳಿಸ್ಬೇಡಿ, ನೆಲದಲ್ಲೇ ನೋಡ್ಬೇಕು." ಅವರ ಮಾತು ನ್ಯಾಯವಾದದ್ದೇ. ಎರಡು ಸಲ ಸುಳ್ಳು ಸುದ್ದಿಗೆ ಓಡಿಬಂದ ಹೆಂಗಸು ಇನ್ನೇನು ಹೇಳಬೇಕು? ಹೂವು ಆಗ ತಾನೇ ಬಿಟ್ಟಿತ್ತು. ಕಾಯಿ ಬರಲು ಜುಲೈ ಕಳೆಯಬೇಕು. ಹಾಲೆಟ್ ಅಷ್ಟು ದಿನ ಕಾಯುವವನಲ್ಲ.

ಬಿಳಿ ಬಯಲಿಗೆ ದಾರಿ ಒಂದೇ. ಒಂದು ಪಕ್ಕ ಕೆರೆ, ಇನ್ನೊಂದು ಪಕ್ಕ ಬಂಡೆ, ನಡುವೆ ಒಂದು ಲಾರಿ ಹಿಡಿಯುವಷ್ಟು ಜಾಗ. ಹಾಲೆಟ್‌ನ ಲೋಡರ್ ಬಂದ ವಾರವೇ ಕ್ಯಾಪ್ಲಿನ್ ಮೀನು ಕೂಡ ಬಂತು. ಬೆರಳುದ್ದದ ಬೆಳ್ಳಿ ಮೀನು; ಮೊಟ್ಟೆಯಿಡಲು ಅಲೆಯ ಜೊತೆ ದಡಕ್ಕೆ ಉರುಳಿ ಬರುತ್ತದೆ, ಬಕೆಟ್ಟಿನಲ್ಲಿ ಬಾಚಿಕೊಳ್ಳುವುದೇ ಕೆಲಸ. ಒಂದು ರಾತ್ರಿ ಉಪ್ಪುನೀರಿನಲ್ಲಿಟ್ಟು ಮರುದಿನ ಬಿಸಿಲಿಗೆ ಹರಡುತ್ತೇವೆ. ಎಲ್ಲರೂ ಅವರವರ ಹಿತ್ತಲಲ್ಲಿ ಹರಡಿದರು. ಟ್ರಿಫಿ ಹಳೆಯ ಬಲೆ ತಂದು ಬಯಲಿನ ದಾರಿಗೆ ಅಡ್ಡ ಹಾಸಿ, ಕೆರೆಯಿಂದ ಬಂಡೆಯವರೆಗೆ ಒಂದಿಂಚೂ ಬಿಡದೆ ಮೀನು ಹರಡಿದಳು.

ಹರಡಿದ ಮೀನನ್ನು ನಮ್ಮಲ್ಲಿ ಯಾರೂ ತುಳಿಯುವುದಿಲ್ಲ, ದಾಟುವುದೂ ಇಲ್ಲ. ಬೇರೆಯವರ ಮೀನನ್ನು ಕೈಯಿಂದ ಮುಟ್ಟುವುದೂ ಇಲ್ಲ. ಮಳೆ ಬಂದರೆ ಕೂಗಿ ಕರೆಯಬೇಕು, ಅವರೇ ಬಂದು ಎತ್ತಿಕೊಳ್ಳಬೇಕು. ಮಗುಚಿ ಹಾಕುವ ಹಕ್ಕು ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವ ಮನೆಯವರಿಗೆ ಮಾತ್ರ. ಅಮ್ಮ ಹೋಗಿ ಒಲೆ ಬೇರೆಯಾದ ಮೇಲೆ ನಾನಾಗಲಿ ಟ್ರಿಫಿಯಾಗಲಿ ಒಬ್ಬರ ಮೀನನ್ನು ಒಬ್ಬರು ಮುಟ್ಟಿದ್ದಿಲ್ಲ.

ಎಲಿ ಬೆಳಿಗ್ಗೆ ಲೋಡರ್ ತಂದ. ಮೀನು ನೋಡಿ ನಿಲ್ಲಿಸಿದ. ಇಳಿದು ಬಂದು ಟೋಪಿ ತೆಗೆದು ತಲೆ ಕೆರೆದುಕೊಂಡ.

"ಟ್ರಿಫಿ ಅಕ್ಕ, ಇದು ಯಾವಾಗ ಒಣಗುತ್ತೆ?"

"ಬಿಸಿಲು ಇದ್ರೆ ನಾಲ್ಕೈದು ದಿನ."

"ಆಮೇಲೆ?"

"ಆಮೇಲೆ ಇನ್ನೊಂದು ಸಲದ್ದು ಹರಡ್ತೀನಿ. ಈ ವರ್ಷ ಮೀನು ಚೆನ್ನಾಗಿದೆ."

"ಚೆನ್ನಾಗೇನೋ ಇದೆ" ಎಂದು ಎಲಿ ಲೋಡರಿನ ಬಾಗಿಲಿಗೆ ಒರಗಿ ಕೂತುಬಿಟ್ಟ. ಅವಳು ಅವನಿಗೆ ಟೀ ತಂದುಕೊಟ್ಟಳಂತೆ. ಇದನ್ನು ಕೇಳಿ ನನ್ನ ಮೈ ಉರಿದುಹೋಯಿತು. ಸಂಜೆ ಎಲಿಗೆ ಸರಿಯಾಗಿ ಬೈದೆ. "ಮೀನು ಎತ್ತು ಅಂತ ಹೇಳೋಕೆ ಬಾಯಿರಲಿಲ್ವಾ ನಿಂಗೆ?" ಎಂದರೆ, "ಹೇಳಿದ್ರೆ ಎತ್ತುತ್ತಿದ್ಲಾ? ನಿನ್ನ ಅತ್ತಿಗೆ ತಾನೇ" ಎಂದ.

ವಾರಗಟ್ಟಲೆ ಹೀಗೇ ನಡೆಯಿತು. ಒಂದು ಕಡೆ ಒಣಗಿದ್ದು ಎತ್ತಿದರೆ ಇನ್ನೊಂದು ಕಡೆ ಹಸಿಯದ್ದು ಬಿದ್ದಿರುತ್ತಿತ್ತು. ಟ್ರಿಫಿ ಬೆಳಗಿನಿಂದ ಸಂಜೆಯವರೆಗೆ ಅಲ್ಲೇ, ತಲೆಗೆ ಬಟ್ಟೆ ಕಟ್ಟಿಕೊಂಡು, ಕಡಲಕಾಗೆ ಓಡಿಸುತ್ತ, ಮೀನು ಮಗುಚುತ್ತ. ನಡುನಡುವೆ ಒಳಗೆ ಹೋಗಿ ಗಿಡಗಳ ಮುಂದೆ ಮಂಡಿ ಊರುವಳು. ತುಂಬ ಚೆನ್ನಾಗಿ ಬಂದಿದ್ದ ಗಿಡಗಳ ಸುತ್ತ ಕಲ್ಲು ಜೋಡಿಸಿ ಗುರುತು ಮಾಡಿದ್ದಳು. ಹೂವು ಉದುರಿ, ಎಳೆಗಾಯಿ ಉದ್ದವಾಗುತ್ತಿತ್ತು. ಊರಿನವರು ಆ ಕಡೆ ಹೋಗುವಾಗ ತಮಾಷೆ ಮಾಡುವರು. "ಹೆರಿಗೆ ಯಾವಾಗ ಟ್ರಿಫಿ?" ಅವಳು ಎದ್ದು ನಿಂತು, "ಹೆತ್ತ ಮೇಲೆ ನಿಂಗೇ ಮೊದ್ಲು ಸಿಹಿ ಕಳಿಸ್ತೀನಿ, ಹೋಗು" ಎನ್ನುವಳು.

ಹಾಲೆಟ್ ಎರಡು ಸಲ ಬಂದು ಮರ್ಯಾದೆಯಿಂದಲೇ ಮಾತಾಡಿದ. ಅವನಿಗೂ ಮೇಲಿನವರ ಕಾಟ ಇತ್ತು, ಇಲ್ಲವೆನ್ನಲಾರೆ. "ನೋಡಿಯಮ್ಮ, ನಮ್ಮ ಆಳುಗಳೇ ನಿಮ್ಮ ಮೀನು ಎತ್ತಿ ಹುಷಾರಾಗಿ ಪಕ್ಕಕ್ಕಿಡ್ತಾರೆ" ಎಂದ.

"ಯಾವ ಆಳು ಎತ್ತುತ್ತಾನೆ ಕೇಳಿ ನೋಡಿ" ಎಂದಳು ಟ್ರಿಫಿ.

ಅವನು ಕೇಳಿದ. ಆಳುಗಳು ಬೂಟಿನ ತುದಿ ನೋಡಿಕೊಂಡು ನಿಂತರು. ಆಮೇಲೆ ಹಾಲೆಟ್ ಎಲಿಯ ಕಡೆ ತಿರುಗಿದ. "ಲೋಡರ್ ಹತ್ತು. ಹೊಡಿ ಮುಂದಕ್ಕೆ."

ನನ್ನ ಗಂಡ ಜೀವಮಾನದಲ್ಲಿ ಯಾರಿಗೂ ಇಲ್ಲ ಎಂದವನಲ್ಲ. ಅವತ್ತು ಅವನು ತಲೆಯಾಡಿಸಲಿಲ್ಲ. "ಮೀನಿನ ಮೇಲೆ ನಾನು ಹತ್ತಿಸಲ್ಲ ಸರ್" ಎಂದ.

"ಹಾಗಾದ್ರೆ ಕೀ ಕೊಟ್ಟು ಮನೆಗೆ ಹೋಗು. ನಾಳೆಯಿಂದ ಬರ್ಬೇಡ."

ಎಲಿ ಕೀ ಕೊಟ್ಟು ಮನೆಗೆ ಬಂದ. ಊಟದ ಡಬ್ಬಿಯನ್ನು ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿ, ಹಿತ್ತಲಿಗೆ ಹೋಗಿ ಸೌದೆ ಒಡೆಯತೊಡಗಿದ. ನನಗೆ ಅಳು ಬಂತು, ಸಿಟ್ಟಿಗೆ. ಟ್ರಿಫಿಯನ್ನು ಹಿಡಿದು ಅಲುಗಾಡಿಸಬೇಕು ಎಂದು ಅಪ್ರನ್ನಿನಲ್ಲೇ ಬಯಲಿನ ಕಡೆ ನಡೆದೆ. ಅರ್ಧ ದಾರಿಯಲ್ಲಿ ಲೋಡರಿನ ಸದ್ದು ಕೇಳಿಸಿತು.

ಹಾಲೆಟ್ ತಾನೇ ಹತ್ತಿದ್ದ. ಟ್ರಿಫಿ ಆಗ ದಡಕ್ಕೆ ಹೋಗಿದ್ದಳು. ನನ್ನ ಕಣ್ಣೆದುರಿಗೇ ಆ ಗಾಲಿಗಳು ಹರಡಿದ ಮೀನಿನ ಮೇಲೆ ಹೋದವು. ಸದ್ದು ಕೂಡ ಬರಲಿಲ್ಲ, ಅಷ್ಟು ಸಣ್ಣ ಮೀನು. ಬಲೆ ಗಾಲಿಗೆ ಸುತ್ತಿಕೊಂಡು ಹರಿಯಿತು. ಒಳಗೆ ಹೋದವನು ಲೋಡರಿನ ಬಾಯಿ ಇಳಿಸಿ ಒಂದು ಬಾಚು ಬಾಚಿದ, ಇನ್ನೊಂದು ಬಾಚು. ಟ್ರಿಫಿ ಕಲ್ಲು ಜೋಡಿಸಿ ಗುರುತು ಮಾಡಿದ್ದ ಜಾಗವೇ ಅದು. ನನ್ನ ಬಾಯಿಂದ ಏನು ಬೈಗುಳ ಬಂತೋ, ಬರೆಯುವಂಥದ್ದಲ್ಲ.

ಟ್ರಿಫಿ ಎರಡು ಕೈಯಲ್ಲಿ ಬಕೆಟ್ಟು ಹಿಡಿದು ಮೇಲೆ ಬಂದಳು. ನೋಡಿದಳು. ಕೂಗಾಡಲಿಲ್ಲ. ಗಾಲಿಯ ಜಾಡಿನಲ್ಲಿ ಅಪ್ಪಚ್ಚಿಯಾಗಿದ್ದ ಮೀನನ್ನು ಒಂದೊಂದಾಗಿ ಹೆಕ್ಕಿ ಬದಿಗಿಟ್ಟು, ಹರಿದ ಬಲೆಯನ್ನು ಎಳೆದು ಸರಿಮಾಡಿ, ಬಕೆಟ್ಟಿನಲ್ಲಿದ್ದ ಹೊಸ ಮೀನನ್ನು ಅದೇ ಜಾಗದಲ್ಲಿ ಹರಡಿದಳು. ಉಪ್ಪು ಕೂಡ ಹಾಕಿರಲಿಲ್ಲ. ಕೆರೆಯಿಂದ ಬಂಡೆಯವರೆಗೆ. ಲೋಡರ್ ಒಳಗೆ, ಮೀನು ಹೊರಗೆ.

ಅಷ್ಟು ಹೊತ್ತಿಗೆ ಊರಿನ ಹೆಂಗಸರೆಲ್ಲ ಬಂದು ನಿಂತಿದ್ದರು. ಹಾಲೆಟ್ ಲೋಡರಿನಲ್ಲಿ ಕೂತು ನಮ್ಮನ್ನು ನೋಡಿದ, ಮೀನನ್ನು ನೋಡಿದ. ಕೊನೆಗೆ ಅವನು ಇಳಿದು, ಮೀನಿನ ಹತ್ತಿರ ಬಂದು, ಮತ್ತೆ ನಮ್ಮ ಮುಖ ನೋಡಿ, ಕೆರೆಯ ಅಂಚಿನಲ್ಲಿ ಮೊಣಕಾಲುದ್ದ ನೀರಿಗಿಳಿದು ದಾಟಿಕೊಂಡು ಹೋದ. ಬೂಟಿನಲ್ಲಿ ನೀರು ಪಚಪಚ ಎನ್ನುತ್ತಿತ್ತು. "ಸೋಮವಾರ ಪೊಲೀಸರ ಜೊತೆ ಬರ್ತೀನಿ" ಎಂದ.

"ಬನ್ನಿ, ಒಣಗಿರುತ್ತೆ" ಎಂದಳು ಟ್ರಿಫಿ.

ಮರುದಿನ ಬೆಳಿಗ್ಗೆ ಇಡೀ ಪಿಗಿನ್ ಕೋವ್ ತನ್ನ ಮೀನನ್ನು ಬಿಳಿ ಬಯಲಿಗೆ ತಂದಿತು. ಯಾರೂ ಯಾರಿಗೂ ಹೇಳಿಕಳಿಸಿರಲಿಲ್ಲ. ಟ್ರಿಫಿಯ ಮೀನು ದಾಟುವ ಹಾಗಿಲ್ಲವಲ್ಲ, ಎಲ್ಲರೂ ಕೆರೆಯ ಅಂಚಿನ ನೀರಿಗಿಳಿದೇ ಒಳಗೆ ಬಂದರು. ಕೈಗಾಡಿಯಲ್ಲಿ, ತೊಟ್ಟಿಯಲ್ಲಿ, ಮಗುವಿನ ಗಾಡಿಯಲ್ಲಿ ಕೂಡ ಉಪ್ಪುನೀರು ಸೋರುವ ಕ್ಯಾಪ್ಲಿನ್. ಲೋಡರಿನ ಸುತ್ತ, ಅದರ ಗಾಲಿಯ ಬುಡದವರೆಗೂ ಹರಡಿದರು. ಹೂವಿಗಾಗಿ ಬಂದವರು ಒಬ್ಬರೂ ಇಲ್ಲ. ಹೊರಗಿನವನೊಬ್ಬ ಬಂದು ಮೀನಿನ ಮೇಲೆ ಗಾಲಿ ಹತ್ತಿಸಿದ್ದ, ಅದಕ್ಕೆ ಬಂದಿದ್ದರು. ನಾನೂ ಬಂದೆ. ಬಯಲಿನ ಆ ತುದಿಯಲ್ಲಿ, ಗಾಳಿ ಚೆನ್ನಾಗಿ ಬೀಸುವ ಕಡೆ, ಬಲೆ ಗಿಲೆ ಏನೂ ಹಾಸದೆ ಬರೀ ಜಲ್ಲಿಯ ಮೇಲೆ ಹರಡಿದೆ. ಕೈ ಹರಡುತ್ತಿತ್ತು, ಬಾಯಿ ಹಾಲೆಟ್‌ಗೆ ಶಾಪ ಹಾಕುತ್ತಿತ್ತು. ಪಕ್ಕದಲ್ಲಿ ಹರಡುತ್ತಿದ್ದವಳು, "ಏನೇ ಸೆಲೀನಾ, ಕುಡಿದಿದ್ದೀಯಾ? ಸಾಲೆಲ್ಲ ಸೊಟ್ಟ, ಮಧ್ಯೆ ಮಧ್ಯೆ ತೂತು" ಎಂದು ನಕ್ಕಳು. "ನಿನ್ನ ಸಾಲು ನೋಡ್ಕೋ" ಎಂದೆ.

ಟ್ರಿಫಿ ಓಕ್ ಮೇಡಂಗೆ ಫೋನು ಮಾಡಲು ಹೋಗಿದ್ದವಳು ಆಗ ಬಂದಳು. ನಾವೆಲ್ಲ ಅವಳ ಮುಖ ನೋಡಿದೆವು. ಒಂದು ಒಳ್ಳೆಯ ಮಾತು ನಿರೀಕ್ಷಿಸಿದ್ದೆವು, ಸುಳ್ಳು ಯಾಕೆ ಹೇಳಲಿ. ಅವಳು ನಮ್ಮ ಕಾಲಬುಡದ ನೆಲ ನೋಡಿದಳು.

"ಎತ್ತಿ" ಎಂದಳು. "ಎಲ್ಲಾ ಎತ್ತಿ. ಉಪ್ಪುನೀರು ಕಣ್ರೇ. ಗಿಡದ ಮೇಲೆ ಹಾಕಿದ್ದೀರಿ. ಹಾಲೆಟ್ ಬಾಚಿಕೊಂಡು ಉಳಿದದ್ದು ಇಷ್ಟೇ ಇತ್ತು, ಅದನ್ನ ನೀವು ಸುಡ್ತಾ ಇದ್ದೀರಿ."

ಯಾರೂ ಅಲುಗಲಿಲ್ಲ. ನನಗೆ ತಡೆಯಲಾಗಲಿಲ್ಲ. "ನಿಂಗೋಸ್ಕರ ಬಂದೋರನ್ನ ಹೀಗಾ ಮಾತಾಡ್ಸೋದು?"

"ನಂಗೋಸ್ಕರ ಬಂದಿಲ್ಲ. ಮೀನಿಗೋಸ್ಕರ ಬಂದಿದ್ದೀರಿ, ನಂಗೆ ಗೊತ್ತಿಲ್ವಾ? ದಾರಿಗೆ ಹರಡಿ, ಬಂಡೆ ಮೇಲೆ ಹರಡಿ. ಇಲ್ಲಿ ಬೇಡ."

"ದಾರೀಲಿ ಜಾಗ ಎಲ್ಲಿದೆ? ಮೀನು ಎತ್ತಿದ್ರೆ ಸೋಮವಾರ ಅವನು ಉಳಿದದ್ದೂ ಬಾಚ್ತಾನೆ."

"ಬಾಚೋಕೆ ಬರ್ಲಿ, ಲೋಡರ್ ಬಾಯಿಗೆ ಅಡ್ಡ ನಾನು ಕೂತಿರ್ತೀನಿ. ಮೀನು ಎತ್ತಿ."

ಅವಳು ತಾನೇ ಎತ್ತುವ ಹಾಗಿರಲಿಲ್ಲ. ಆ ಕಟ್ಟಳೆಯನ್ನು ಅಂಥ ಹೊತ್ತಿನಲ್ಲೂ ಮೀರಲಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತು ಬೈದಳು. ಒಬ್ಬೊಬ್ಬರಾಗಿ ಎತ್ತಿದರು. ಮನಸ್ಸಿಂದಲ್ಲ, ಮುನಿಸಿನಿಂದ. ತೊಟ್ಟಿಗಳನ್ನು ದಢದಢ ಎನ್ನಿಸಿ, "ಇವಳ ಸಹವಾಸವೇ ಬೇಡ" ಎನ್ನುತ್ತ ಮನೆಗೆ ಹೋದರು. ಉಳಿದವಳು ನಾನೊಬ್ಬಳು.

"ನಿಂದೂ ಸೆಲೀನಾ."

"ಎತ್ತಲ್ಲ. ನನ್ನ ಗಂಡನ ಕೆಲಸ ಕಳೆದ ಬಯಲಿದು. ನನ್ನ ಮೀನು ಇಲ್ಲೇ ಒಣಗುತ್ತೆ. ಮುಟ್ಟು ನೋಡೋಣ."

ಅವಳು ಮುಟ್ಟಲಿಲ್ಲ. ನನ್ನ ಕಡೆ ಬರಲೂ ಇಲ್ಲ. ಬೆನ್ನು ತಿರುಗಿಸಿ, ಉಪ್ಪುನೀರು ಬಿದ್ದ ಗಿಡಗಳಿಗೆ ಕೆರೆಯಿಂದ ಸಿಹಿನೀರು ತಂದು ಹನಿಹನಿಯಾಗಿ ಸುರಿಯತೊಡಗಿದಳು. ನಾನೂ ಬೆನ್ನು ತಿರುಗಿಸಿ ಮನೆಗೆ ಬಂದೆ. ನಡುವಿನ ದಿನಗಳಲ್ಲಿ ಮೀನು ಮಗುಚಲು ಹೋಗುತ್ತಿದ್ದೆ, ಅವಳಿರುತ್ತಿದ್ದಳು, ಇಬ್ಬರೂ ತುಟಿ ಬಿಚ್ಚಲಿಲ್ಲ.

ಸೋಮವಾರ ಬಿಸಿಲು ಚೆನ್ನಾಗಿತ್ತು. ಓಕ್ ಮೇಡಂ ಬಂದರು. ಹಾಲೆಟ್ ಒಬ್ಬ ಪೊಲೀಸಿನವನ ಜೊತೆ ಬಂದ, ಈ ಸಲ ಉದ್ದ ಬೂಟು ಹಾಕಿಕೊಂಡು. ಊರಿನವರೂ ಬಂದರು, ಮುನಿಸು ಒಂದು ಕಡೆ, ನೋಡುವ ಆಸೆ ಒಂದು ಕಡೆ. ಪೊಲೀಸಿನವನು ಪಕ್ಕದೂರಿನವನೇ. ಟ್ರಿಫಿಯ ಮೀನಿನ ಎದುರು ನಿಂತು, ಮೇಡಂ ನೋಡಿ ಮುಗಿಸಲಿ, ಆಮೇಲೆ ಮಾತು ಎಂದ.

ಮೇಡಂ ಮತ್ತು ಟ್ರಿಫಿ ಮಂಡಿ ಊರಿ ಬಯಲಿನ ಉದ್ದಕ್ಕೂ ಹೋದರು. ಒಂದೊಂದೇ ಗಿಡ. ಎಲೆ ಕಂದಿತ್ತು, ದಂಟು ಜೋತುಬಿದ್ದಿತ್ತು, ಎಳೆಗಾಯಿ ಕಪ್ಪಾಗಿ ಉದುರಿತ್ತು. ನಮ್ಮ ಉಪ್ಪು ನಮ್ಮ ಕಣ್ಣಿಗೇ ಕಾಣುತ್ತಿತ್ತು, ಜಲ್ಲಿಯ ಮೇಲೆ ಬಿಳಿ ಪೊರೆ. ಒಬ್ಬರೂ ತಮಾಷೆ ಮಾಡಲಿಲ್ಲ. ಮೇಡಂ ಪ್ರತಿ ಗಿಡದ ಮುಂದೆಯೂ ಭೂತಗನ್ನಡಿ ಹಿಡಿದು ನೋಡಿ, ಮುಂದಿನದಕ್ಕೆ ಹೋಗುವರು.

"ಆಯ್ತೇನಮ್ಮ?" ಎಂದ ಹಾಲೆಟ್.

"ಆಗಿಲ್ಲ" ಎಂದಳು ಟ್ರಿಫಿ, ತಲೆ ಎತ್ತದೆ.

ಓಕ್ ಮೇಡಂ ಎದ್ದು ನಿಂತರು. ಮೆಲ್ಲಗೆ, "ಟ್ರಿಫಿ, ಎಲೆ ನೋಡಿದ್ರೆ ಅದೇ ಅನ್ಸುತ್ತೆ. ಆದ್ರೆ ಕಾಯಿ ಒಂದೂ ಉಳಿದಿಲ್ಲ. ಕಾಯಿ ಇಲ್ದೆ ನಾನೇನೂ ಮಾಡೋಕಾಗಲ್ಲ" ಎಂದರು.

"ಬಯಲು ಇನ್ನೂ ಮುಗಿದಿಲ್ಲ ಮೇಡಂ" ಎಂದು ಟ್ರಿಫಿ ಅದೇ ಮಂಡಿಯಲ್ಲಿ ಮುಂದೆ ಹೋದಳು. ಸ್ಕರ್ಟು ಹರಿದಿತ್ತು. ನನ್ನ ಮೀನಿನ ಅಂಚಿಗೆ ಬಂದು ನಿಂತಳು. ಅಲ್ಲಿಂದ ಮುಂದೆ ಹೋಗುವ ಹಾಗಿಲ್ಲ. ಎರಡು ಕೈಯನ್ನೂ ನೆಲಕ್ಕೂರಿ, ಮೀನಿಗೆ ತಾಕದ ಹಾಗೆ ಕತ್ತು ಚಾಚಿ ನೋಡಿದಳು. ತುಂಬ ಹೊತ್ತು ನೋಡಿದಳು.

"ಸೆಲೀನಾ, ಬಾ ಇಲ್ಲಿ. ಇದನ್ನ ಹರಡಿದ್ದು ಯಾರು?"

"ಇನ್ಯಾರು? ನಾನೇ."

"ಸರಿಯಾಗಿ ನೋಡು."

ಹೋಗಿ ನೋಡಿದೆ. ನನ್ನ ಸೊಟ್ಟ ಸಾಲುಗಳು, ಮಧ್ಯೆ ತೂತುಗಳು. ಪ್ರತಿ ತೂತಿನ ನಡುವೆ ಒಂದು ಗಿಡ. ಮೀನಿನ ಬಾಲಗಳು ಅದರ ಸುತ್ತ ಒಂದು ಅಂಗೈಯಷ್ಟು ಜಾಗ ಬಿಟ್ಟು ತಿರುಗಿದ್ದವು. ದಾಯಾದಿ ಹೂವಿನ ಮೇಲೆ ಮೀನು ಹಾಕಿದ್ದೆ, ಪಾಚಿಯ ಮೇಲೆ ಹಾಕಿದ್ದೆ. ಇದೊಂದರ ಮೇಲೆ ಹಾಕಿರಲಿಲ್ಲ. ಹಾಲೆಟ್‌ಗೆ ಶಾಪ ಹಾಕುತ್ತ ಹರಡಿದವಳು ನಾನು. ಗಿಡ ನೋಡಿದ ನೆನಪು ಕೂಡ ನನಗಿಲ್ಲ. ಎಲೆ ಹಸಿರಾಗಿತ್ತು, ದಂಟು ನೆಟ್ಟಗಿತ್ತು, ಅದರ ಮೇಲೆ ಕಾಯಿ ಉದ್ದಕ್ಕೆ, ಉರುಟಾಗಿ, ತುಂಬಿಕೊಂಡು ನಿಂತಿತ್ತು.

ಮೇಡಂ ನನ್ನ ಅನುಮತಿ ಕೇಳಿ, ನಾನು ನಾಲ್ಕು ಮೀನು ಸರಿಸಿದ ಮೇಲೆ ಒಳಗೆ ಬಂದು ಕೂತರು. ಭೂತಗನ್ನಡಿ ಹಿಡಿದರು. ಎಲ್ಲರೂ ಹತ್ತಿರಕ್ಕೆ ಸರಿದು ಬಗ್ಗಿ ನೋಡಿದೆವು, ಹಾಲೆಟ್ ಕೂಡ. ಆಮೇಲೆ ಅವರು ಗಾಜನ್ನು ಟ್ರಿಫಿಗೆ ಕೊಟ್ಟು, "ನೀವೇ ಹೇಳಿ" ಎಂದರು.

"ನವಿರಿದೆ" ಎಂದಳು ಟ್ರಿಫಿ.

"ಇದೆ" ಎಂದರು ಮೇಡಂ. ಮತ್ತೆ ಪೊಲೀಸಿನವನ ಕಡೆ ತಿರುಗಿ, ಇಲ್ಲಿ ಇನ್ನು ಒಂದು ಹಿಡಿ ಜಲ್ಲಿಯನ್ನೂ ಯಾರೂ ತೆಗೆಯುವಂತಿಲ್ಲ, ಅದರ ಕಾಗದ ಸಂಜೆಯೊಳಗೆ ಬರುತ್ತದೆ ಎಂದರು.

ಹಾಲೆಟ್ ತನ್ನ ಲೋಡರ್ ಕೇಳಿದ. ಪೊಲೀಸಿನವನು ಟ್ರಿಫಿಯ ಮೀನು ತೋರಿಸಿ, ಒಣಗಲಿ ಎಂದ. ರಸ್ತೆಗೆ ಜಲ್ಲಿಯನ್ನು ಹಳ್ಳದ ಆಚೆಯ ಗುಂಡಿಯಿಂದ ತಂದರು, ಬೇರೆ ಊರಿನ ಡ್ರೈವರು ಬಂದ. ಎಲಿ ಆ ಚಳಿಗಾಲಕ್ಕೆ ಮುಂಚೆಯೇ ಮತ್ತೆ ಆಲ್ಬರ್ಟಾಗೆ ಹೋದ. ಆ ಸಿಟ್ಟು ನನಗೆ ಇನ್ನೂ ಇದೆ, ಟ್ರಿಫಿಯ ಮುಖದ ಮೇಲೆಯೇ ಹೇಳುತ್ತೇನೆ, ಅವಳು ಇಲ್ಲವೆನ್ನುವುದಿಲ್ಲ.

ಆ ದಿನ ಎಲ್ಲರೂ ಹೋದ ಮೇಲೆ ನಾವಿಬ್ಬರೇ ಉಳಿದೆವು. ನಾನು ಸರಿಸಿದ ಮೀನನ್ನು ಮತ್ತೆ ಜೋಡಿಸುತ್ತಿದ್ದೆ. ಅವಳು ಪಕ್ಕದಲ್ಲೇ ಕೂತಿದ್ದಳು.

"ಗೊತ್ತಿತ್ತಲ್ಲೇ ನಿಂಗೆ ಅದು ಯಾವುದು ಅಂತ" ಎಂದಳು.

"ಗೊತ್ತಿಲ್ದೆ ಏನು? ಅಷ್ಟು ವರ್ಷ ನನ್ನ ಅಡಿಗೆಮನೇಲಿ ಕೂತು ತಲೆ ತಿಂದಿದ್ದೀಯ."

"ನೀನು ಪಾತ್ರೆ ಸದ್ದು ಮಾಡ್ತಿದ್ದೆ. ಕೇಳಿಸ್ತಿರಲಿಲ್ಲ ಅಂದ್ಕೊಂಡಿದ್ದೆ."

"ಕಿವಿಗೇನು ಬಾಗಿಲಿರುತ್ತಾ?"

ಬಿಸಿಲು ಇಳಿಯುತ್ತಿತ್ತು, ನನ್ನ ಮೀನಿನ ಮೇಲ್ಬದಿ ಒಣಗಿತ್ತು, ಮಗುಚುವ ಹೊತ್ತಾಗಿತ್ತು. ಟ್ರಿಫಿ ಕೈ ಚಾಚಿ ನನ್ನ ಮೀನೊಂದನ್ನು ಎತ್ತಿ ಮಗುಚಿ ಹಾಕಿದಳು. ನನ್ನ ಮುಖ ನೋಡಿದಳು. ನಾನು ಬೇಡ ಎನ್ನಲಿಲ್ಲ. ಅವಳು ಆ ತುದಿಯಿಂದ, ನಾನು ಈ ತುದಿಯಿಂದ, ಗಿಡಗಳ ಸುತ್ತ ಜಾಗ ಬಿಟ್ಟುಕೊಂಡು ಇಬ್ಬರೂ ಮಗುಚುತ್ತ ಬಂದೆವು.